ಡಬಲ್ಸ್ ಮೇಷ್ಟ್ರು

2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬ್ಯಾಡ್ಮಿಂಟನ್ ಸಂಸ್ಥೆಯ ಅಧ್ಯಕ್ಷ ಹುದ್ದೆಗೆ ಚುನಾವಣೆ ನಡೆಯಿತು. ಕ್ರೀಡಾ ಸಂಸ್ಥೆಗಳ ಚುನಾವಣೆಯೆಂದರೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಶಾಸ್ತ್ರ. ಕುರ್ಚಿಯಲ್ಲಿ ಕೂತವರೇ ಮತ್ತೆ ಕೂರುತ್ತಾರೆ. ಆ ಸಲ ಹಾಗಾಗಲಿಲ್ಲ. ಹಾಲಿ ಅಧ್ಯಕ್ಷರು ಸೋತು ಮನೆಗೆ ಹೋದರು. ಗೆದ್ದವರು ಇಕ್ಸಾನ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಕ್ರೀಡಾವಿಜ್ಞಾನ ಕಲಿಸುವ ಪ್ರಾಧ್ಯಾಪಕರು. ಹೆಸರು ಕಿಮ್ ಡಾಂಗ್ ಮೂನ್.

ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ಬ್ಯಾಡ್ಮಿಂಟನ್ ನೋಡುತ್ತಿದ್ದವರಿಗೆ ಈ ಹೆಸರು ಕೇಳಿದರೆ ಪಾಠ ಪ್ರವಚನ ನೆನಪಾಗುವುದಿಲ್ಲ. ಕೋರ್ಟಿನ ಹಿಂಬದಿಯಿಂದ ಮೇಲೆ ನೆಗೆದು ಸ್ಮ್ಯಾಷ್ ಹೊಡೆದು, ಕಾಲು ನೆಲಕ್ಕೆ ತಾಕುವಷ್ಟರಲ್ಲಿ ಮುಂದಿನ ಹೊಡೆತಕ್ಕೆ ಅಣಿಯಾಗಿರುತ್ತಿದ್ದ ಆಟಗಾರ ನೆನಪಾಗುತ್ತಾನೆ. ಜೋಡಿ ಆಟದಲ್ಲಿ ಜಗತ್ತು ಕಂಡ ಶ್ರೇಷ್ಠರ ಪಟ್ಟಿ ಯಾರೇ ಮಾಡಲಿ, ಕಿಮ್ ಅವರನ್ನು ಬಿಟ್ಟು ಮಾಡಲಾಗದು. ಅಂಥವರು ಆಟ ಬಿಟ್ಟ ಮೇಲೆ ತರಗತಿಯ ದಾರಿ ಹಿಡಿದರು, ಅಲ್ಲಿಂದಲೇ ಆಟದ ಆಡಳಿತಕ್ಕೆ ಬಂದರು. ನಮಗೆ ಇದು ಅಪರೂಪ. ಕೊರಿಯಾದಲ್ಲಿ ತೀರಾ ಅಪರೂಪವೇನಲ್ಲ.

ಕಿಮ್ ಹುಟ್ಟಿದ್ದು 1975ರಲ್ಲಿ, ದೇಶದ ನೈರುತ್ಯ ಮೂಲೆಯ ಜೊಲ್ಲಾ ಸೀಮೆಯ ಗೋಕ್‌ಸಂಗ್‌ನಲ್ಲಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಹೋದಾಗ ಅವರು ವೊನ್‌ಕ್ವಾಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಮಿಶ್ರ ಡಬಲ್ಸ್ ಒಲಿಂಪಿಕ್ಸ್‌ಗೆ ಕಾಲಿಟ್ಟದ್ದೇ ಆ ವರ್ಷ. ಚಿನ್ನ ಯಾರಿಗೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಾರ್ಸಿಲೋನಾದಲ್ಲಿ ಪುರುಷರ ಡಬಲ್ಸ್ ಚಿನ್ನ ಗೆದ್ದು ನಿವೃತ್ತರಾಗಿದ್ದ ಪಾರ್ಕ್ ಜೂ ಬಾಂಗ್, ಹೊಸ ಸ್ಪರ್ಧೆಗೆಂದೇ ಮರಳಿ ಬಂದಿದ್ದರು. ಜೊತೆಯಲ್ಲಿ ರಾ ಕ್ಯುಂಗ್ ಮಿನ್ ಎಂಬ ಎಳೆಯ ಹುಡುಗಿ. ಕೊರಿಯನ್ನರಿಗೆ ಪಾರ್ಕ್ ಎಂದರೆ ದೇವರ ಸಮಾನ. ಆ ದೇವರನ್ನು ಫೈನಲ್‌ನಲ್ಲಿ ಎದುರಿಸಿದ್ದು ಇಪ್ಪತ್ತರ ಹರೆಯದ ಕಿಮ್ ಮತ್ತು ಅವರಿಗಿಂತ ಹಿರಿಯರಾದ ಗಿಲ್ ಯಂಗ್ ಆ.

ಅಂಕಗಳು ಹೀಗಿದ್ದವು: 13–15, 15–4, 15–12. ಇಂದಿನವರಿಗೆ ಈ ಲೆಕ್ಕ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಈಗ 21 ಅಂಕದ ಆಟ, ಯಾರು ರ್‍ಯಾಲಿ ಗೆದ್ದರೂ ಅಂಕ. ಆ ನಿಯಮ ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಸರ್ವಿಸ್ ಕೈಲಿದ್ದವರಿಗೆ ಮಾತ್ರ ಅಂಕ. ಎದುರಾಳಿ ರ್‍ಯಾಲಿ ಗೆದ್ದರೆ ಸಿಗುತ್ತಿದ್ದದ್ದು ಸರ್ವಿಸ್ ಕಸಿಯುವ ಅವಕಾಶವಷ್ಟೇ. ಡಬಲ್ಸ್‌ನಲ್ಲಿ ಇಬ್ಬರ ಸರ್ವಿಸೂ ಮುರಿಯಬೇಕು. ಅಂಕದ ಫಲಕ ಅಲುಗಾಡದೆ ಹತ್ತಾರು ರ್‍ಯಾಲಿ ಕಳೆದುಹೋಗುತ್ತಿದ್ದವು. ಮೊದಲ ಗೇಮ್ ಕೈತಪ್ಪಿದ ಮೇಲೆ, ಎದುರಿಗೆ ಪಾರ್ಕ್ ಅಂಥವರು ನಿಂತಿರುವಾಗ, ಎರಡನೆಯದನ್ನು ನಾಲ್ಕೇ ಅಂಕ ಕೊಟ್ಟು ಮುಗಿಸುವುದಕ್ಕೆ ಬರೀ ತೋಳಿನ ಬಲ ಸಾಲದು. ಪಂದ್ಯ ನಡೆದದ್ದು ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಒಳಾಂಗಣದಲ್ಲಿ. ಮುಂದೆ ಮೇಷ್ಟ್ರಾಗುವವನಿಗೆ ಚಿನ್ನ ದಕ್ಕಿದ್ದೂ ವಿಶ್ವವಿದ್ಯಾಲಯದ ಅಂಗಳದಲ್ಲೇ ಎಂಬುದು ಕಾಕತಾಳೀಯವಾದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಪಾರ್ಕ್ ನೇಪಥ್ಯಕ್ಕೆ ಸರಿದ ಮೇಲೆ, ಅಂದು ಸೋತ ರಾ ಕ್ಯುಂಗ್ ಮಿನ್ ಅವರೇ ಗೆದ್ದ ಕಿಮ್‌ಗೆ ಜೋಡಿಯಾದರು.

ಮಿಶ್ರ ಡಬಲ್ಸ್ ನೋಡುವವರು ಷಟಲ್‌ನ ಹಿಂದೆ ಕಣ್ಣು ಓಡಿಸುತ್ತಾರೆ. ಕಾಲು ನೋಡಿದರೆ ಆಟ ಬೇಗ ಅರ್ಥವಾಗುತ್ತದೆ. ಕೋರ್ಟಿನ ಅಗಲ 6.1 ಮೀಟರ್, ಪ್ರತಿ ಬದಿಯ ಆಳ 6.7 ಮೀಟರ್. ಹದಿನಾರು ಗರಿಗಳ, ಐದು ಗ್ರಾಂ ಆಸುಪಾಸಿನ ಷಟಲ್ ಇಷ್ಟು ಜಾಗದಲ್ಲಿ ಇಬ್ಬರನ್ನು ಕುಣಿಸುತ್ತದೆ. ದಾಳಿ ಮಾಡುವಾಗ ಮಹಿಳೆ ನೆಟ್ ಬಳಿ, ಪುರುಷ ಹಿಂದೆ. ಷಟಲನ್ನು ಎತ್ತಿಕೊಡಬೇಕಾಗಿ ಬಂದ ಕ್ಷಣ ಇಬ್ಬರೂ ಅಕ್ಕಪಕ್ಕಕ್ಕೆ ಸರಿದು ರಕ್ಷಣೆಗೆ ನಿಲ್ಲಬೇಕು. ಎದುರಾಳಿಗಳ ಹಂಚಿಕೆಯೆಲ್ಲ ಒಂದೇ: ಮಹಿಳೆಯನ್ನು ಹಿಂದಕ್ಕೆ ಅಟ್ಟುವುದು, ಪುರುಷನನ್ನು ಮುಂದಕ್ಕೆ ಎಳೆಯುವುದು. ಈ ಹಂಚಿಕೆ ಕಿಮ್–ರಾ ಮುಂದೆ ನಡೆಯುತ್ತಿರಲಿಲ್ಲ. ರಾ ಮಹಿಳೆಯರ ಡಬಲ್ಸ್‌ನಲ್ಲೂ ಒಲಿಂಪಿಕ್ ಕಂಚು ಗೆದ್ದವರು. ಹಿಂದಕ್ಕೆ ಅಟ್ಟಿದರೆ ಅಲ್ಲಿಂದಲೇ ಹೊಡೆಯುತ್ತಿದ್ದರು. ಅಷ್ಟರಲ್ಲಿ ಕಿಮ್ ನೆಟ್ ಬಳಿ ಹಾಜರು. ಇಬ್ಬರೂ ಪರಸ್ಪರ ಮುಖ ನೋಡಿಕೊಳ್ಳದೆ ಜಾಗ ಬದಲಿಸುತ್ತಿದ್ದ ರೀತಿ ನೋಡಿದರೆ, ಅಡುಗೆಮನೆಯಲ್ಲಿ ಡಿಕ್ಕಿ ಹೊಡೆಯದೆ ಓಡಾಡುವ ಹಳೆಯ ದಂಪತಿಯ ನೆನಪಾಗುತ್ತಿತ್ತು. ಮದುವೆಯಾಗಿರಲಿಲ್ಲ ಆಗಿನ್ನೂ.

1999ರಲ್ಲಿ ಕೋಪನ್‌ಹೇಗನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಿಮ್ ಎರಡು ಚಿನ್ನ ಗೆದ್ದರು: ಮಿಶ್ರ ಡಬಲ್ಸ್‌ನಲ್ಲಿ ರಾ ಜೊತೆ, ಪುರುಷರ ಡಬಲ್ಸ್‌ನಲ್ಲಿ ಓರಗೆಯ ಹಾ ಟೇ ಕ್ವೊನ್ ಜೊತೆ. 2003ರಲ್ಲಿ ಮಿಶ್ರ ಡಬಲ್ಸ್ ಕಿರೀಟ ಮತ್ತೊಮ್ಮೆ ಒಲಿಯಿತು. ಆ ಹೊತ್ತಿಗೆ ಕಿಮ್–ರಾ ಜೋಡಿಗೆ ಸೋಲು ಎಂಬುದೇ ಮರೆತಂತಿತ್ತು. ಸತತ 14 ಟೂರ್ನಿ, ಸತತ 70 ಪಂದ್ಯ. ಈ ಗೆಲುವಿನ ಅಲೆಯ ಮೇಲೆಯೇ 2004ರಲ್ಲಿ ಅಥೆನ್ಸ್‌ಗೆ ಹೋದರು. ಕ್ವಾರ್ಟರ್ ಫೈನಲ್‌ನಲ್ಲಿ ಡೆನ್ಮಾರ್ಕ್‌ನ ಯೋನಾಸ್ ರಾಸ್ಮುಸೆನ್–ರಿಕೆ ಓಲ್ಸೆನ್ ಎದುರು ಸೋತರು. ಸಿಡ್ನಿಯಲ್ಲೂ ಕ್ವಾರ್ಟರ್ ಫೈನಲ್‌ನಲ್ಲೇ ಎಡವಿದ್ದರು. ಜಗತ್ತಿನಲ್ಲಿ ಎಲ್ಲೆಡೆ ಗೆದ್ದ ಜೋಡಿಗೆ ಒಲಿಂಪಿಕ್ಸ್‌ನಲ್ಲಿ ಒಂದು ಪದಕವೂ ಇಲ್ಲ.

ಆ ಸೋಲನ್ನು ಹೊತ್ತುಕೊಂಡೇ, ಕೆಲವೇ ದಿನಗಳಲ್ಲಿ ಕಿಮ್ ಪುರುಷರ ಡಬಲ್ಸ್ ಫೈನಲ್‌ಗೆ ಇಳಿದು, ಹಾ ಜೊತೆ 15–11, 15–4ರಿಂದ ಚಿನ್ನ ಗೆದ್ದರು. ಎದುರಿಗಿದ್ದವರು ಮತ್ತೆ ಕೊರಿಯನ್ನರೇ. ಎರಡೂ ಒಲಿಂಪಿಕ್ ಚಿನ್ನಕ್ಕಾಗಿ ಅವರು ಸೋಲಿಸಿದ್ದು ತಮ್ಮದೇ ದೇಶದ, ದಿನವೂ ಜೊತೆಗೆ ಬೆವರು ಹರಿಸಿದವರನ್ನು.

2005ರ ಕ್ರಿಸ್ಮಸ್ ದಿನ ಕಿಮ್ ಮತ್ತು ರಾ ಮದುವೆಯಾದರು. ಕೆಲಕಾಲ ಕೆನಡಾದಲ್ಲಿದ್ದು ತಾಯ್ನಾಡಿಗೆ ಮರಳಿದರು. ಕಿಮ್ ತಾವು ಓದಿದ ವೊನ್‌ಕ್ವಾಂಗ್‌ನಲ್ಲೇ ಪ್ರಾಧ್ಯಾಪಕರಾದರು. ರಾ ಸೋಲ್‌ನ ಕೊರಿಯಾ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು. ನಮ್ಮ ಊರುಗಳ ಎಷ್ಟೋ ಮನೆಗಳ ಕಥೆ.

ಎರಡು ವಿದ್ಯಾಲಯಗಳ ಜಾಯಮಾನ ಮಾತ್ರ ಬೇರೆಬೇರೆ. ವೊನ್‌ಕ್ವಾಂಗ್ 1946ರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ್ದು 1916ರಲ್ಲಿ ಕೊರಿಯಾದಲ್ಲೇ ಹುಟ್ಟಿದ ವೊನ್ ಬೌದ್ಧ ಪಂಥ. ವೈದ್ಯಕೀಯ, ಕಾನೂನು, ಕಲೆ ಎಲ್ಲ ಕಲಿಸುವ ಕಡೆ ಕ್ರೀಡೆಯೂ ಒಂದು ವಿಭಾಗ. ಸೋಲ್‌ನದ್ದು ಹಾಗಲ್ಲ, ಅದು ಪದಕಕ್ಕಾಗಿಯೇ ಕಟ್ಟಿದ ಸಂಸ್ಥೆ. ಸ್ವತಂತ್ರ ದೇಶವಾಗಿ ಕೊರಿಯಾಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ, ಕುಸ್ತಿಯಲ್ಲಿ. ಮರುವರ್ಷವೇ ಕ್ರೀಡಾ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಆಟವೆಂದರೆ ಸರ್ಕಾರದ ಕೆಲಸ ಎಂದು ಕೊರಿಯಾ ತೀರ್ಮಾನಿಸಿದ್ದ ಕಾಲ ಅದು. ಒಲಿಂಪಿಕ್ ಪದಕ ಗೆದ್ದ ಗಂಡಸರಿಗೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ. ಚಿನ್ನ ಗೆದ್ದವರಿಗೆ ತಿಂಗಳಿಗೆ 10 ಲಕ್ಷ ವೊನ್ ಪಿಂಚಣಿ. ಆಟ ಮುಗಿಸಿದವರು ಉನ್ನತ ವ್ಯಾಸಂಗ ಮಾಡಿ ಕ್ರೀಡಾ ವಿಭಾಗಗಳಿಗೆ ಸೇರುವುದು ಅದೇ ದಾರಿಯ ಮುಂದುವರಿಕೆ.

ಈ ವ್ಯವಸ್ಥೆಯನ್ನು ಸುಮ್ಮನೆ ಹೊಗಳಿ ಮುಂದೆ ಹೋಗುವಂತಿಲ್ಲ. ಪದಕದ ಹಿಂದೆ ಬಿದ್ದ ಮಕ್ಕಳು ತರಗತಿಯ ಮುಖ ನೋಡದೆ ಬೆಳೆದರು ಎಂಬ ದೂರು ಕೊರಿಯಾದಲ್ಲಿ ಬಹಳ ಹಳೆಯದು. ಅದಕ್ಕೇ 2017ರಲ್ಲಿ, ಪರೀಕ್ಷೆಗಳಲ್ಲಿ ಸರಾಸರಿ ಸಿ ದರ್ಜೆಯನ್ನೂ ಮುಟ್ಟದ ವಿದ್ಯಾರ್ಥಿ ಆಟಗಾರರನ್ನು ಅಂತರ ವಿಶ್ವವಿದ್ಯಾಲಯ ಲೀಗ್‌ಗಳಿಂದ ಹೊರಗಿಡುವ ನಿಯಮ ಬಂತು. ಹೀಗಿರುವಾಗ ಅದೇ ಗರಡಿಯಿಂದ ಬಂದ ಚಾಂಪಿಯನ್ ಪಾಠ ಹೇಳಲು ನಿಂತರೆ ವಿದ್ಯಾರ್ಥಿಗಳಿಗೆ ಸಿಗುವುದು ಪುಸ್ತಕದಲ್ಲಿಲ್ಲದ ಲಾಭ. ಎಷ್ಟು ಹೊತ್ತು ಅಭ್ಯಾಸ ಮಾಡಿದರೆ ಮಂಡಿ ಹೋಗುತ್ತದೆ ಎಂಬುದನ್ನು ಮಂಡಿ ಸವೆಸಿದವರ ಬಾಯಿಂದ ಕೇಳುವುದೇ ಬೇರೆ.

ನಮ್ಮಲ್ಲಿ ಚಾಂಪಿಯನ್ನರಿಗೆ ಬ್ಯಾಂಕು, ರೈಲ್ವೆ, ತೈಲ ಕಂಪನಿಗಳ ಕೆಲಸ. ಆಮೇಲೆ ಕೆಲವರಿಗೆ ಸ್ವಂತ ಅಕಾಡೆಮಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ 1994ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಕಾಡೆಮಿ ಎಷ್ಟೋ ಆಟಗಾರರನ್ನು ಬೆಳೆಸಿದೆ, ನಿಜ. ಆದರೆ ಅಕಾಡೆಮಿಗೆ ಬರುವುದು ಆಡಬೇಕೆಂಬ ಮಕ್ಕಳು. ಆಟ ಕಲಿಸಬೇಕೆಂಬ, ಗಾಯ ವಾಸಿಮಾಡಬೇಕೆಂಬ, ಟೂರ್ನಿ ನಡೆಸಬೇಕೆಂಬ ಯುವಕರು ಕೂರುವುದು ಕಾಲೇಜಿನ ಬೆಂಚಿನಲ್ಲಿ. ಅವರ ಎದುರು ಚಾಂಪಿಯನ್ ನಿಲ್ಲುವುದು ನಮ್ಮಲ್ಲಿ ಹೆಚ್ಚಾಗಿ ವಾರ್ಷಿಕೋತ್ಸವದ ದಿನ, ಹಾರ ಹಾಕಿಸಿಕೊಳ್ಳಲು.

ಮೇಷ್ಟ್ರು ಚುನಾವಣೆಗೆ ನಿಂತ ಹಿನ್ನೆಲೆಯಲ್ಲಿ ಒಂದು ಜಗಳವಿತ್ತು. 2024ರ ಆಗಸ್ಟ್‌ನಲ್ಲಿ ಆನ್ ಸೆ ಯಂಗ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದರು. 28 ವರ್ಷಗಳ ನಂತರ ಕೊರಿಯಾಕ್ಕೆ ಬಂದ ಸಿಂಗಲ್ಸ್ ಚಿನ್ನ. ಸಂಭ್ರಮಿಸಬೇಕಾದ ಹೊತ್ತಿನಲ್ಲಿ ಆಕೆ ಬ್ಯಾಡ್ಮಿಂಟನ್ ಸಂಸ್ಥೆಯ ಮೇಲೆ ಸಿಟ್ಟು ಹೊರಹಾಕಿದರು. ತಮ್ಮ ಗಾಯವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ತರಬೇತಿಯೆಲ್ಲ ಡಬಲ್ಸ್ ಕಡೆಗೇ ವಾಲಿದೆ ಎಂದರು. ಸರ್ಕಾರ ತನಿಖೆಗೆ ಇಳಿಯಿತು. ತಮಾಷೆಯೆಂದರೆ, ಡಬಲ್ಸ್ ಪಕ್ಷಪಾತದ ದೂರಿನಿಂದ ಎದ್ದ ಗಾಳಿಯಲ್ಲಿ ಅಧ್ಯಕ್ಷರಾದವರು ಅಪ್ಪಟ ಡಬಲ್ಸ್ ಆಟಗಾರ.

ಕಿಮ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಏಪ್ರಿಲ್‌ನಲ್ಲಿ, ರಾಷ್ಟ್ರೀಯ ತಂಡಕ್ಕೆ ಹೊಸ ಮುಖ್ಯ ಕೋಚ್ ಬಂದರು. ಎರಡು ದಶಕ ಜಪಾನ್ ತಂಡವನ್ನು ಕಟ್ಟಿ ಬೆಳೆಸಿದ ಪಾರ್ಕ್ ಜೂ ಬಾಂಗ್. ಅದೇ ತಿಂಗಳ ಕೊನೆಗೆ ಚೀನಾದ ಶಿಯಾಮೆನ್‌ನಲ್ಲಿ ಶುರುವಾದ ಸುದಿರ್ಮನ್ ಕಪ್‌ನಲ್ಲಿ ಕೊರಿಯಾ ಫೈನಲ್‌ವರೆಗೂ ಹೋಗಿ ಚೀನಾಕ್ಕೆ ಸೋತಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ಡಬಲ್ಸ್ ಚಿನ್ನ ಕೊರಿಯಾದ ಪಾಲಾಯಿತು. ಗೆದ್ದ ಇಬ್ಬರಲ್ಲಿ ಒಬ್ಬರು ಸಿಯೊ ಸಂಗ್ ಜೇ. 2023ರಲ್ಲಿ ಅದೇ ಕೋಪನ್‌ಹೇಗನ್‌ನಲ್ಲಿ, ಕಿಮ್ ಅವರಂತೆಯೇ ಒಂದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ಮತ್ತು ಮಿಶ್ರ ಡಬಲ್ಸ್ ಎರಡನ್ನೂ ಗೆದ್ದವರು, ಓದಿದ್ದು ವೊನ್‌ಕ್ವಾಂಗ್‌ನಲ್ಲಿ. ಇನ್ನೊಬ್ಬರು ಕಿಮ್ ವೊನ್ ಹೊ, ಗಿಲ್ ಯಂಗ್ ಆ ಅವರ ಮಗ.