ಇಂಗ್ಲೆಂಡಿನ ಫೋನಿಕ್ಸ್ ಚೆಕ್: ಮನೆಯಲ್ಲಿ ತಯಾರಿ ಹೇಗೆ?

ಇಂಗ್ಲೆಂಡಿನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಇಯರ್ ಒನ್‌ನಲ್ಲಿದ್ದರೆ ಜೂನ್‌ನಲ್ಲಿ ಶಾಲೆಯವರು 'ಫೋನಿಕ್ಸ್ ಸ್ಕ್ರೀನಿಂಗ್ ಚೆಕ್' ಮಾಡುತ್ತಾರೆ. ಫೋನಿಕ್ಸ್ ಎಂದರೆ ಅಕ್ಷರ ನೋಡಿ ಅದರ ಧ್ವನಿ ಹೇಳುವುದು, ಆ ಧ್ವನಿಗಳನ್ನು ಕೂಡಿಸಿ ಪದ ಓದುವುದು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 2012ರಿಂದ ಈ ಚೆಕ್ ಕಡ್ಡಾಯ.

ಐದಾರು ವರ್ಷಕ್ಕೇ ಪರೀಕ್ಷೆಯೇ ಎಂದು ಗಾಬರಿ ಬೇಡ. ಮಗು ಟೀಚರ್ ಪಕ್ಕ ಕೂತು 40 ಪದ ಓದುತ್ತದೆ, ಅಷ್ಟೆ. ಬರೆಯುವುದೇನೂ ಇಲ್ಲ. ಅದರಲ್ಲಿ 20 ಪದ ನಿಜವಾದವು. ಉಳಿದ 20 'ಬಿಮ್', 'ವ್ಯಾಪ್' ಥರದ ಅರ್ಥವಿಲ್ಲದ ಪದಗಳು. ಅವುಗಳ ಪಕ್ಕ ಒಂದು ವಿಚಿತ್ರ ಜೀವಿಯ ಚಿತ್ರ ಇರುತ್ತದೆ. ಬಾಯಿಪಾಠದಿಂದ ಹೇಳಲಾಗದ ಪದ ಬೇಕೆಂದೇ ಇವನ್ನು ಸೇರಿಸಿದ್ದಾರೆ. ಚೆನ್ನಾಗಿ ಓದುವ ಮಕ್ಕಳೂ ಇಲ್ಲಿ ಎಡವುವುದುಂಟು: 'ಬಿಮ್' ಕಂಡರೆ 'ಬಿನ್' ಎಂದುಬಿಡುತ್ತಾರೆ. ಹಾಗಾಗಿ ಮನೆಯಲ್ಲೂ ಸುಳ್ಳುಪದ ಕಟ್ಟಿ ಓದಿಸಿ. ಮಕ್ಕಳಿಗೆ ಅದು ಬಲು ಮಜಾ.

ನಮ್ಮವರಿಗೆ ನಿಜವಾದ ತೊಡಕು ಬೇರೆ. 'ಮ', 'ಟ' ಎಂದು ಕಲಿತ ನಾಲಿಗೆಗೆ ಪ್ರತಿ ಅಕ್ಷರದಲ್ಲೂ ಒಂದು 'ಅ' ಅಂಟಿಕೊಂಡೇ ಬರುತ್ತದೆ. 'ಮ-ಆ್ಯ-ಟ' ಎಂದು ಹೇಳಿಕೊಟ್ಟರೆ ಮಗು ಅದನ್ನು 'ಮ್ಯಾಟ್' ಎಂದು ಕೂಡಿಸಲು ಪರದಾಡುತ್ತದೆ. 'ಮ್-ಆ್ಯ-ಟ್' ಎನ್ನಿ; ಅರ್ಧಾಕ್ಷರ ಗೊತ್ತಿರುವ ನಮಗೆ ಇದು ಕಷ್ಟವಲ್ಲ. 'ಎಮ್, ಎ, ಟಿ' ಎಂಬ ಅಕ್ಷರದ ಹೆಸರುಗಳನ್ನು ಓದಿಸುವಾಗ ಬದಿಗಿಡಿ. ಆಮೇಲೆ ಜೋಡಿಗಳು: ಎಸ್ ಮತ್ತು ಎಚ್ ಸೇರಿದರೆ ಒಂದೇ ಧ್ವನಿ, 'ಶ್'. ಇಂಥ ಜೋಡಿಗೆ ಶಾಲೆಯಲ್ಲಿ ಡೈಗ್ರಾಫ್ ಎನ್ನುತ್ತಾರೆ. ದಿನಕ್ಕೆ ಐದು ನಿಮಿಷ ಸಾಕು.

ಚೆಕ್‌ನಲ್ಲಿ ಧ್ವನಿಗಳನ್ನು ಬಿಡಿಸಿ ಹೇಳಿ ನಿಲ್ಲಿಸಿದರೆ ಅಂಕವಿಲ್ಲ, ಕೊನೆಗೆ ಇಡೀ ಪದ ಹೇಳಬೇಕು. ತಪ್ಪಿದರೆ ತಾನೇ ತಿದ್ದಿಕೊಳ್ಳಬಹುದು. ನಮ್ಮ ಉಚ್ಚಾರಕ್ಕೆ ಅಂಕ ಕಳೆಯುತ್ತಾರೆಯೇ? ಇಲ್ಲ, ಮಗುವಿನ ಮಾತಿನ ಧಾಟಿಯನ್ನು ಟೀಚರ್ ಗಮನದಲ್ಲಿಡಬೇಕೆಂಬ ಸೂಚನೆಯೇ ಇದೆ. ಮನೆಯಲ್ಲಿ ಕನ್ನಡ ಬಿಡುವ ಅಗತ್ಯವೂ ಇಲ್ಲ.

ಇದುವರೆಗೆ 32 ಪದ ಸರಿ ಓದಿದರೆ ಸಾಕೆಂದು ಲೆಕ್ಕ. ಅಷ್ಟು ಮುಟ್ಟದಿದ್ದರೆ ಶಾಲೆಯೇ ಹೆಚ್ಚಿನ ನೆರವು ಕೊಟ್ಟು ಇಯರ್ ಟೂನಲ್ಲಿ ಮತ್ತೆ ಓದಿಸುತ್ತದೆ. ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದಿಲ್ಲ.

ಈ ಚೆಕ್‌ಗೆ ಶುಲ್ಕವಿಲ್ಲ. ಟ್ಯೂಷನ್‌ಗೆ ದುಡ್ಡು ಸುರಿಯುವುದು ದಂಡ ಎಂದೇ ನನ್ನ ಅನಿಸಿಕೆ. ಹಳೆಯ ಪದಪಟ್ಟಿಗಳು ಸರ್ಕಾರದ ಜಾಲತಾಣ ಗವ್ ಡಾಟ್ ಯುಕೆಯಲ್ಲಿ ಉಚಿತ. ಬಿಬಿಸಿಯ 'ಆಲ್ಫಾಬ್ಲಾಕ್ಸ್' ಕಾರ್ಟೂನ್ ತೋರಿಸಿ. ಎಲ್ಲಕ್ಕಿಂತ ಮೊದಲು, ಶಾಲೆಯಲ್ಲಿ ಯಾವ ಫೋನಿಕ್ಸ್ ಕ್ರಮ ಬಳಸುತ್ತಾರೆಂದು ಟೀಚರನ್ನು ಕೇಳಿ, ಮನೆಗೆ ಕಳಿಸುವ ಪುಸ್ತಕವನ್ನೇ ಓದಿಸಿ.