ಹಾಳೂರಿನ ಗೌಡನಲ್ಲ ಚೇಂಬರ್ಲೇನ್

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸಾರ್ವಕಾಲಿಕ ಶ್ರೇಷ್ಠ ಸೆಂಟರ್‌ಗಳ ಪಟ್ಟಿ ಮಾಡಲು ಯಾರೇ ಕೂರಲಿ, ವಿಲ್ಟ್ ಚೇಂಬರ್ಲೇನ್ ಹೆಸರು ಬಂದ ಕೂಡಲೇ ಯಾರಾದರೊಬ್ಬರು ಆ ಮಾತನ್ನು ಎತ್ತಿಯೇ ಎತ್ತುತ್ತಾರೆ. 7 ಅಡಿ 1 ಇಂಚಿನ ಮನುಷ್ಯ ಆರೂವರೆ ಅಡಿಯ ಕುಳ್ಳರ ಮಧ್ಯೆ ಆಡಿದ. ಅವರೋ ಹಗಲೆಲ್ಲ ನಲ್ಲಿ ರಿಪೇರಿ ಮಾಡಿ ಸಂಜೆ ಚೆಂಡು ಹಿಡಿಯಲು ಬರುತ್ತಿದ್ದವರು. ಅಂಥವರೆದುರು 50 ಅಂಕದ ಸರಾಸರಿ ಯಾರಿಗೆ ತಾನೇ ಬರುವುದಿಲ್ಲ? ಹಾಳೂರಿಗೆ ಉಳಿದವನೇ ಗೌಡ, ಅಷ್ಟೇ. ಇಷ್ಟು ಹೇಳಿ ಮುಗಿಸಿದವರ ಮುಖದಲ್ಲಿ ದೊಡ್ಡ ಗುಟ್ಟು ಬಯಲು ಮಾಡಿದ ಕಳೆ ಬೇರೆ. ಚೇಂಬರ್ಲೇನ್ ಜೊತೆಗೆ ಬಿಲ್ ರಸೆಲ್ ಕೂಡ ಪಟ್ಟಿಯಿಂದ ಜಾರುತ್ತಾನೆ, ಅವನೂ ಅದೇ ಕಾಲದವನು ತಾನೆ. ಒಂದೇ ಒಂದು ತಂಡದ ಆಟಗಾರರ ಪಟ್ಟಿ ತೆರೆದು ನೋಡಿದ್ದರೂ ಬಿದ್ದುಹೋಗುತ್ತಿದ್ದ ನಂಬಿಕೆ ಇದು. ನೋಡುವವರು ಕಡಿಮೆ.

ನೋಡೋಣ. ಈ ನಂಬಿಕೆಯ ಮುಖ್ಯ ಸಾಕ್ಷಿ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಪಟ್ಟಣದಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್ ಪರ ಚೇಂಬರ್ಲೇನ್ ಗಳಿಸಿದ 100 ಅಂಕ. ಅಂದು ನ್ಯೂಯಾರ್ಕ್ ನಿಕ್ಸ್ ಪರ ಅವನೆದುರು ಆಟ ಆರಂಭಿಸಿದವನು ಡ್ಯಾರಲ್ ಇಮ್‌ಹಾಫ್, ಎತ್ತರ 6 ಅಡಿ 10 ಇಂಚು. ಕಾಲೇಜು ಮಟ್ಟದ ರಾಷ್ಟ್ರೀಯ ಚಾಂಪಿಯನ್, 1960ರ ರೋಮ್ ಒಲಿಂಪಿಕ್ಸ್‌ನ ಚಿನ್ನದ ತಂಡದವನು. ಅನಾರೋಗ್ಯದಿಂದ ಹೊರಗುಳಿದ ಫಿಲ್ ಜೋರ್ಡನ್ ಕೂಡ ಅಷ್ಟೇ ಎತ್ತರದವನು. ಫೌಲ್‌ಗಳ ಮಿತಿ ಮೀರಿ ಇಮ್‌ಹಾಫ್ ಹೊರನಡೆದ ಮೇಲೆ ಆ ಹೊಣೆ ಹೆಚ್ಚಾಗಿ ಬಿದ್ದದ್ದು 6 ಅಡಿ 9 ಇಂಚಿನ ಕ್ಲೀವ್‌ಲ್ಯಾಂಡ್ ಬಕ್ನರ್ ಮೇಲೆ. ಎದುರಾಳಿಗಳ ಪೈಕಿ ಅಂದು ದುರ್ಬಲರಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ನಿಕ್ಸ್ ಆ ವರ್ಷ ಸೋತು ಸುಣ್ಣವಾಗಿದ್ದ ತಂಡ. ಆದರೆ ಕುಳ್ಳರು ಎಲ್ಲಿದ್ದಾರೆ? ಅದೇ ಋತುವಿನಲ್ಲಿ ಶಿಕಾಗೊ ತಂಡಕ್ಕೆ ಹೊಸಬನಾಗಿ ಬಂದ ವಾಲ್ಟ್ ಬೆಲ್ಲಮಿ 6 ಅಡಿ 11 ಇಂಚು, ಮೊದಲ ವರ್ಷವೇ 31.6 ಅಂಕಗಳ ಸರಾಸರಿ ತೆಗೆದವನು. ಡೆಟ್ರಾಯಿಟ್‌ನ ವಾಲ್ಟರ್ ಡ್ಯೂಕ್ಸ್ ಏಳಡಿ. ಸಿರಾಕ್ಯೂಸ್‌ನಲ್ಲಿ ಸ್ವೀಡ್ ಹಾಲ್‌ಬ್ರೂಕ್ ಎಂಬೊಬ್ಬನಿದ್ದ, 7 ಅಡಿ 3 ಇಂಚು, ಅಂದರೆ ಚೇಂಬರ್ಲೇನ್‌ಗಿಂತ ಎರಡು ಇಂಚು ಹೆಚ್ಚು. 1963ರಲ್ಲಿ 6 ಅಡಿ 11 ಇಂಚಿನ ನೇಟ್ ಥರ್ಮಂಡ್ ಬಂದ. ಈಗ ಇತ್ತ ತಿರುಗಿ. 2015ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಪ್ರಶಸ್ತಿ ಗೆದ್ದದ್ದು ಫೈನಲ್ ಸರಣಿಯ ನಡುವೆ ಏಳಡಿಯವನನ್ನು ಬೆಂಚಿಗೆ ಕಳಿಸಿ 6 ಅಡಿ 6 ಇಂಚಿನ ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್ ಜಾಗದಲ್ಲಿ ನಿಲ್ಲಿಸಿ. ನಾಲ್ಕು ಸಲ ಶ್ರೇಷ್ಠ ರಕ್ಷಣಾ ಆಟಗಾರನಾದ ಬೆನ್ ವ್ಯಾಲೆಸ್‌ಗೆ ದಾಖಲೆಯಲ್ಲಿ ಕೊಟ್ಟ ಎತ್ತರ 6 ಅಡಿ 9 ಇಂಚು, ಅದೂ ಉದಾರವಾಗಿ. ಇವರ ಕಾಲವನ್ನು ಕುಳ್ಳರ ಕಾಲ ಎಂದು ಯಾರೂ ಕರೆಯುವುದಿಲ್ಲ.

ಎತ್ತರವೇ ಎಲ್ಲಕ್ಕೂ ಕಾರಣ ಎನ್ನುವವರು ಹಾಲ್‌ಬ್ರೂಕ್‌ನ ಬಗ್ಗೆ ಏನಾದರೂ ಹೇಳಲೇಬೇಕಾಗುತ್ತದೆ. ಅದೇ ವರ್ಷ, ಅದೇ ಅಂಗಳ, ಅವೇ ‘ಕುಳ್ಳರು’, ಮೇಲೆ ಎರಡು ಇಂಚು ಹೆಚ್ಚಿನ ಮೈ. ಆದರೂ ಅವನು ಹತ್ತು ಅಂಕದ ಸರಾಸರಿಯನ್ನು ಮುಟ್ಟಲಿಲ್ಲ. ಮುಂದೆ ಬಂದ 7 ಅಡಿ 7 ಇಂಚಿನ ಮನುಟೆ ಬೋಲ್ ಇಡೀ ವೃತ್ತಿಯಲ್ಲಿ ಪಂದ್ಯಕ್ಕೆ ಮೂರು ಅಂಕವನ್ನೂ ಗಳಿಸಲಿಲ್ಲ. ಭಾರತದಲ್ಲಿ ಹುಟ್ಟಿ ಎನ್‌ಬಿಎ ತಂಡವೊಂದಕ್ಕೆ ಮೊದಲು ಆಯ್ಕೆಯಾದ ಪಂಜಾಬಿನ ಸತ್ನಾಮ್ ಸಿಂಗ್ 7 ಅಡಿ 2 ಇಂಚಿನವನು. 2015ರಲ್ಲಿ ಡಲ್ಲಾಸ್ ಆರಿಸಿಕೊಂಡರೂ ಲೀಗ್ ಪಂದ್ಯವೊಂದರಲ್ಲಿ ಕಣಕ್ಕಿಳಿಯುವ ಅವಕಾಶ ಸಿಗಲಿಲ್ಲ. ಎತ್ತರ ಬಾಗಿಲು ತೆರೆಸುತ್ತದೆ, ಅಷ್ಟೇ. ಇನ್ನೊಂದು ಪರೀಕ್ಷೆಯೂ ಇದೆ. ಎದುರಾಳಿಗಳ ದೌರ್ಬಲ್ಯವೇ ಚೇಂಬರ್ಲೇನ್‌ನ ಬಲವಾಗಿದ್ದರೆ ಕಾಲದ ಅತಿ ಸಮರ್ಥ ರಕ್ಷಕನೆದುರು ಅವನ ಲೆಕ್ಕ ಕುಸಿಯಬೇಕಿತ್ತು. ಆ ರಕ್ಷಕ ಬಾಸ್ಟನ್‌ನ ಬಿಲ್ ರಸೆಲ್. ಇಬ್ಬರೂ ಎದುರುಬದುರಾದದ್ದು 140ಕ್ಕೂ ಹೆಚ್ಚು ಸಲ. ಚೇಂಬರ್ಲೇನ್‌ನ ವೃತ್ತಿಜೀವನದ ಸರಾಸರಿ 30.1 ಅಂಕ, ರಸೆಲ್ ಎದುರು ಆಡಿದಾಗ ಸುಮಾರು 28.7. ಇಳಿತ ಇಷ್ಟೇ. ತಂಡಗಳು ಒಂಬತ್ತೇ ಇದ್ದ 1961-62ರಲ್ಲಿ 80 ಪಂದ್ಯ ಆಡುವವನಿಗೆ ಪ್ರತಿ ಎದುರಾಳಿಯೂ ಸರಾಸರಿ ಹತ್ತು ಸಲ ಸಿಗುತ್ತಾನೆ. ಅಂದರೆ ಇಡೀ ದೇಶದಲ್ಲಿ ನೂರು ಚಿಲ್ಲರೆ ಜನರಿಗೆ ಮಾತ್ರ ಈ ಕೆಲಸ ಸಿಗುತ್ತಿದ್ದ ಕಾಲ ಅದು. ಇಂದು 30 ತಂಡಗಳಿವೆ, ಹೊರದೇಶದವರೂ ಬಂದಿದ್ದಾರೆ, ಒಟ್ಟು ಪ್ರತಿಭೆ ಹೆಚ್ಚಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅಂದು ಸುಲಭದ ರಾತ್ರಿಗಳು ಹೆಚ್ಚಿದ್ದವು ಎನ್ನಲು ಆಧಾರವಿಲ್ಲ.

ಆಟದ ಆಡಳಿತಗಾರರಿಗೂ ಇದು ಕುಳ್ಳರ ಸಮಸ್ಯೆಯಾಗಿ ಕಂಡಿರಲಿಲ್ಲ. ಬುಟ್ಟಿಯ ಕೆಳಗಿನ ನಿರ್ಬಂಧಿತ ಪಟ್ಟಿಯನ್ನು 1964ರಲ್ಲಿ 12 ಅಡಿಯಿಂದ 16 ಅಡಿಗೆ ಅಗಲಿಸಿದ್ದು ಬಹುಪಾಲು ಈ ಒಬ್ಬನನ್ನು ದೂರ ನಿಲ್ಲಿಸಲು. ಅದಾದ ಮೊದಲ ಋತುವಿನಲ್ಲಿ ಅವನು 34.7 ಸರಾಸರಿಯಲ್ಲಿ ಮತ್ತೆ ಅಂಕಗಳಿಕೆಯ ಮೊದಲ ಸ್ಥಾನದಲ್ಲಿದ್ದ. ಇನ್ನು ‘ಅವನು ಮುಂದಿನ ತಲೆಮಾರಿನೆದುರು ನಿಲ್ಲುತ್ತಿರಲಿಲ್ಲ’ ಎಂಬ ವಾದ. ಇದಕ್ಕೆ ಊಹೆ ಬೇಕಾಗಿಯೇ ಇಲ್ಲ, ಅವನು ನಿಂತಿದ್ದಾನೆ. 7 ಅಡಿ 2 ಇಂಚಿನ ಕರೀಮ್ ಅಬ್ದುಲ್-ಜಬ್ಬಾರ್ 1969ರಲ್ಲಿ ಬಂದ. 1972ರ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಕರೀಮ್‌ನ ಮಿಲ್ವಾಕೀ ತಂಡವನ್ನು ಚೇಂಬರ್ಲೇನ್ ಆಗ ಆಡುತ್ತಿದ್ದ ಲೇಕರ್ಸ್ 4-2ರಿಂದ ಸೋಲಿಸಿದಾಗ ಅವನಿಗೆ 35 ದಾಟಿತ್ತು. ಕರೀಮ್ ಧಾರಾಳವಾಗಿ ಅಂಕ ಗಳಿಸಿದ, ನಿಜ. ಆದರೆ ಲೀಗ್ ಪಂದ್ಯಗಳಲ್ಲಿ ಶೇ 57ರಷ್ಟಿದ್ದ ಅವನ ಗುರಿ ಆ ಸರಣಿಯಲ್ಲಿ ಶೇ 50ಕ್ಕಿಂತ ಕೆಳಗಿಳಿಯಿತು. ಮರುವರ್ಷ, ತನ್ನ ಕೊನೆಯ ಋತುವಿನಲ್ಲಿ, ಚೇಂಬರ್ಲೇನ್ ರೀಬೌಂಡ್‌ನಲ್ಲಿ ಲೀಗ್‌ಗೇ ಮೊದಲಿಗ. ಈಗ ಕರೀಮ್‌ನ ದಾರಿ ಹಿಡಿದು ಮುಂದೆ ಬನ್ನಿ: 1985ರಲ್ಲಿ, 38ನೇ ವಯಸ್ಸಿನಲ್ಲಿ, ಏಳಡಿಯ ರಾಬರ್ಟ್ ಪ್ಯಾರಿಶ್ ಇದ್ದ ಬಾಸ್ಟನ್ ತಂಡವನ್ನು ಸೋಲಿಸಿ ಫೈನಲ್‌ನ ಶ್ರೇಷ್ಠ ಆಟಗಾರನಾದ. ಆ ಪ್ಯಾರಿಶ್ 1997ರವರೆಗೆ ಆಡಿದ. ಅಷ್ಟರಲ್ಲಿ ಹಕೀಮ್ ಒಲಾಜುವನ್, ಶಕೀಲ್ ಓನೀಲ್ ಇಬ್ಬರೂ ಅಂಗಳ ಆಳುತ್ತಿದ್ದರು. ಓನೀಲ್ ನಿವೃತ್ತನಾದದ್ದು 2011ರಲ್ಲಿ. ತಲೆಮಾರುಗಳು ಒಂದರ ಮೇಲೊಂದು ಹಾಯುತ್ತಾ ಬಂದಿವೆ. ಚೇಂಬರ್ಲೇನ್ ಕಾಲದವರೆಲ್ಲ ನಲ್ಲಿ ರಿಪೇರಿಯವರು ಎಂದರೆ, ಆ ಕಾಲದ ಥರ್ಮಂಡ್‌ನನ್ನೇ ತನ್ನನ್ನು ಅತಿ ಚೆನ್ನಾಗಿ ತಡೆದವನೆಂದು ಹೊಗಳಿದ ಕರೀಮ್‌ನೂ ರಿಪೇರಿಯವನಾಗಬೇಕು. ಅಲ್ಲಿಂದ ಮುಂದೆ ಎಲ್ಲಿ ನಿಲ್ಲಿಸುತ್ತೀರಿ ಎಂದು ನೀವೇ ಹೇಳಬೇಕು.

ಹಾಗಾದರೆ ಈ ಕಥೆ ಹುಟ್ಟಿದ್ದೆಲ್ಲಿ? ಎರಡು ಕಾಲಗಳನ್ನು ಕಲಸಿಬಿಟ್ಟದ್ದರಿಂದ ಎಂಬುದು ನನ್ನ ಎಣಿಕೆ. ಲೀಗ್‌ನ ಮೊದಲ ದೊಡ್ಡ ಸೆಂಟರ್ ಜಾರ್ಜ್ ಮೈಕನ್, 6 ಅಡಿ 10 ಇಂಚಿನ ಕನ್ನಡಕಧಾರಿ. ಈ ಆಕ್ಷೇಪ ಅವನಿಗೆ ಸಾಕಷ್ಟು ಹೊಂದುತ್ತದೆ. 1950ರವರೆಗೆ ಎನ್‌ಬಿಎಯಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. 24 ಸೆಕೆಂಡಿನೊಳಗೆ ಗುರಿಯಿಡಬೇಕೆಂಬ ನಿಯಮ ಬಂದದ್ದು 1954ರಲ್ಲಿ. ಅದಕ್ಕೂ ಮುಂಚೆ, 1950ರ ನವೆಂಬರ್ 22ರಂದು, ಮೈಕನ್ ಕೈಗೆ ಚೆಂಡೇ ಸಿಗದಿರಲೆಂದು ಫೋರ್ಟ್ ವೇನ್ ಪಿಸ್ಟನ್ಸ್ ಚೆಂಡನ್ನು ಅಪ್ಪಿಕೊಂಡೇ ಕಾಲ ತಳ್ಳಿ 19-18ರಲ್ಲಿ ಗೆದ್ದಿತು. ಸೋತ ತಂಡದ 18ರಲ್ಲಿ 15 ಅವನವೇ. ಚೇಂಬರ್ಲೇನ್ 1959ರಲ್ಲಿ ಬರುವ ಹೊತ್ತಿಗೆ ಆಟವೇ ಬೇರೆಯಾಗಿತ್ತು. ಕಪ್ಪು ಆಟಗಾರರಿಗೆ ಅಲಿಖಿತ ಮಿತಿ ಇನ್ನೂ ಇತ್ತೆಂಬುದು ಸುಳ್ಳಲ್ಲ, ಬಿಡುವಿನ ತಿಂಗಳುಗಳಲ್ಲಿ ಆಟಗಾರರು ಬೇರೆ ಕೆಲಸ ಮಾಡುತ್ತಿದ್ದದ್ದೂ ನಿಜ. ಆದರೆ ಸಂಬಳ ಸಾಲದೆ ವಿಮೆ ಮಾರಿದವನಿಗೆ ಆಟ ಬರುವುದಿಲ್ಲ ಎಂದೇನಿಲ್ಲ. ರಸೆಲ್, ಎಲ್ಜಿನ್ ಬೇಲರ್, ಆಸ್ಕರ್ ರಾಬರ್ಟ್‌ಸನ್ ಆಡಿದ ಲೀಗ್ ಇದು.

ಸೋಜಿಗವೆಂದರೆ 50.4 ಎಂಬ ಆ ಸರಾಸರಿಯನ್ನು ಅನುಮಾನಿಸಲು ಗಟ್ಟಿಯಾದ ಕಾರಣ ಬೇರೆಯೇ ಇದೆ, ಅದು ಎಲ್ಲರ ಕಣ್ಣೆದುರಿಗೇ ಇದೆ. ಆಟದ ವೇಗ. 1961-62ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ 107ಕ್ಕೂ ಹೆಚ್ಚು ಸಲ ಬುಟ್ಟಿಗೆ ಗುರಿಯಿಡುತ್ತಿತ್ತು. ಇಂದು ಅದು 90ರ ಒಳಗೆ. ಚೇಂಬರ್ಲೇನ್ ಒಬ್ಬನೇ ಪಂದ್ಯಕ್ಕೆ 39ಕ್ಕೂ ಹೆಚ್ಚು ಸಲ ಎಸೆಯುತ್ತಿದ್ದ. ಮೇಲಾಗಿ 48 ನಿಮಿಷದ ಆಟದಲ್ಲಿ ಅವನು ಅಂಗಳದಲ್ಲಿರುತ್ತಿದ್ದದ್ದು ಸರಾಸರಿ 48.5 ನಿಮಿಷ, ಹೆಚ್ಚುವರಿ ಅವಧಿಗಳೂ ಸೇರಿದ್ದರಿಂದ. ಇಂದಿನ ತಾರೆಗೆ 36 ಸಿಕ್ಕರೆ ಹೆಚ್ಚು. ವೇಗವನ್ನೂ ನಿಮಿಷವನ್ನೂ ಇಂದಿನ ಅಳತೆಗೆ ಇಳಿಸಿ ಸ್ಥೂಲವಾಗಿ ಗುಣಿಸಿದರೆ 50.4 ಎಂಬುದು 30ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ರೀಬೌಂಡ್ ಇನ್ನೂ ಕೆಳಗೆ: ಗುರಿ ತಪ್ಪುತ್ತಿದ್ದದ್ದೇ ಹೆಚ್ಚಾಗಿದ್ದ ಕಾಲದಲ್ಲಿ ಹಿಡಿದ 25.7 ಇಂದಿನ ಲೆಕ್ಕದಲ್ಲಿ 12ರ ಹತ್ತಿರ. ಈ ಕತ್ತರಿ ರಸೆಲ್‌ಗೂ ಬೀಳುತ್ತದೆ. ಅಷ್ಟಾದರೂ ಒಂದು ಅಂಕಿ ಕತ್ತರಿಗೆ ಸಿಗುವುದಿಲ್ಲ: ಇಡೀ ಲೀಗ್ ಶೇ 42.6ರಷ್ಟು ಗುರಿ ಮುಟ್ಟುತ್ತಿದ್ದಾಗ ಅವನು ಅಷ್ಟೊಂದು ಎಸೆತಗಳ ಹೊರೆ ಹೊತ್ತೂ ಶೇ 50.6 ಮುಟ್ಟಿದ. ಅಂತೂ ಸಿಗುವ ಮನುಷ್ಯ ಯಾವ ಕಾಲದಲ್ಲಿಟ್ಟರೂ ಮೊದಲ ಸಾಲಿನವನು, ಆದರೆ ದೇವರಲ್ಲ. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಗೆ ಆಟಗಾರರೇ ಮತ ಹಾಕಿ ಆರಿಸಿದ್ದು 18.9 ಅಂಕದ ರಸೆಲ್‌ನನ್ನು. ಎದುರು ನಿಂತು ಆಡಿದವರಿಗೆ ಅಂಕಿಯ ಉಬ್ಬರ ಗೊತ್ತಿತ್ತು ಎಂದು ಕಾಣುತ್ತದೆ.

ವೇಗದ ಲೆಕ್ಕ ಕೇಳಲು ಕಿವಿಗಳಿಲ್ಲ, ಅದರಲ್ಲಿ ನಗುವಿಲ್ಲ. ನಲ್ಲಿ ರಿಪೇರಿ ಎಂದರೆ ಕೂತವರೆಲ್ಲ ನಗುತ್ತಾರೆ, ಮಾತು ಮುಂದಿನವನ ಬಾಯಿಗೆ ದಾಟುತ್ತದೆ. ಇದೇ ಜಾತಿಯ ಇನ್ನಷ್ಟು ಮಾತುಗಳಿವೆ. ಪ್ರಶಸ್ತಿಯ ಉಂಗುರ ಎಣಿಸಿದರೆ ಮುಗಿಯಿತು ಎನ್ನುವವರು 7 ಪ್ರಶಸ್ತಿಯ ರಾಬರ್ಟ್ ಹಾರಿಯನ್ನು 6ರ ಮೈಕಲ್ ಜೋರ್ಡನ್‌ಗಿಂತ ಮೇಲಿಡಲಿ ನೋಡೋಣ. ಬ್ಲಾಕ್‌ಗಳ ಸಾರ್ವಕಾಲಿಕ ಪಟ್ಟಿಯಲ್ಲಿ ಒಲಾಜುವನ್ 3,830ರೊಂದಿಗೆ ಮೊದಲಿಗ, ರಸೆಲ್ ಹೆಸರೇ ಇಲ್ಲ ಎಂದು ಬೀಗುವವರಿಗೆ 1973-74ಕ್ಕೂ ಮುಂಚೆ ಬ್ಲಾಕ್ ಎಣಿಸುತ್ತಲೇ ಇರಲಿಲ್ಲ ಎಂಬುದು ತಿಳಿದಿಲ್ಲ. ಸೆಂಟರ್‌ಗಳ ಕಾಲ ಮುಗಿಯಿತು ಎಂದು ಷರಾ ಬರೆದ ಕೆಲವೇ ವರ್ಷಕ್ಕೆ 2021ರಿಂದ 2024ರವರೆಗಿನ ನಾಲ್ಕೂ ಶ್ರೇಷ್ಠ ಆಟಗಾರ ಪ್ರಶಸ್ತಿ ಸೆಂಟರ್‌ಗಳ ಪಾಲಾದವು, ಅವುಗಳಲ್ಲಿ ಮೂರು, ಲೀಗ್‌ನ ಹೊಸಬರ ಆಯ್ಕೆಯಲ್ಲಿ 41ನೆಯವನಾಗಿ ಆಯ್ಕೆಯಾಗಿದ್ದ ನಿಕೊಲ ಯೊಕಿಚ್‌ಗೆ. ಚೇಂಬರ್ಲೇನ್ ಭಕ್ತರೇನು ಕಡಿಮೆಯಲ್ಲ. ಬರಿಗೈಯಲ್ಲಿ ಕಾಡುಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಯೊಂದನ್ನು ಕೊಂದ ಕಥೆಯನ್ನೂ ಅವರು ನುಂಗಿದ್ದಾರೆ. ಇತ್ತೀಚೆಗಂತೂ ಆ 100 ಅಂಕದ ಪಂದ್ಯ ನಡೆದೇ ಇಲ್ಲ, ವಿಡಿಯೊ ಎಲ್ಲಿದೆ ಎಂಬ ಹೊಸ ಸಂಶಯ ಹುಟ್ಟಿದೆ. 4,124 ಪ್ರೇಕ್ಷಕರು, ಅಂಕಪಟ್ಟಿ, ಇಂದಿಗೂ ಕೇಳಿಸುವ ಕೊನೆಯ ಕ್ವಾರ್ಟರ್‌ನ ರೇಡಿಯೊ ವಿವರಣೆ, ಯಾವುದೂ ಸಾಲದು. ಯಾರು ಬೇಕಾದರೂ ಸುಳ್ಳು ವಿಡಿಯೊ ತಯಾರಿಸಬಹುದಾದ ಈ ದಿನಗಳಲ್ಲಿ ವಿಡಿಯೊ ಇಲ್ಲದ್ದೆಲ್ಲ ಸುಳ್ಳು ಎನ್ನುವವರನ್ನು ಕಂಡರೆ ನಗು ಬರುತ್ತದೆ. ಏನನ್ನೂ ನಂಬದವರು ತಾವೆಂದು ಇವರ ಎಣಿಕೆ. ಯಾವುದನ್ನೂ ಪರಿಶೀಲಿಸದವರು ಎಂಬುದೇ ಹೆಚ್ಚು ಸರಿ.

ನನ್ನ ಪಟ್ಟಿಯಲ್ಲೂ ಚೇಂಬರ್ಲೇನ್ ಮೊದಲಿಗನಲ್ಲ. 20 ಋತು, 6 ಪ್ರಶಸ್ತಿ, 6 ಸಲ ಶ್ರೇಷ್ಠ ಆಟಗಾರ ಎಂಬ ಲೆಕ್ಕದ ಕರೀಮ್ ಮೇಲೆ, 13 ಋತುಗಳಲ್ಲಿ 11 ಸಲ ಗೆದ್ದ ರಸೆಲ್ ಎರಡನೆಯವನು, ಚೇಂಬರ್ಲೇನ್ ಮೂರನೆಯವನು. ಕೆಳಗಿಳಿಸುವುದಕ್ಕೆ ಬೇಕಾದ ಸಾಮಗ್ರಿಯನ್ನು ಅವನೇ ಒದಗಿಸಿದ್ದಾನೆ, ಕುಳ್ಳರನ್ನು ಕರೆತರಬೇಕಾಗಿಲ್ಲ. ಆ 100 ಅಂಕದ ರಾತ್ರಿ ಅವನು 32 ಫ್ರೀ ಥ್ರೋಗಳಲ್ಲಿ 28ನ್ನು ಬುಟ್ಟಿಗೆ ಹಾಕಿದ್ದು ಎರಡೂ ಕೈಯಲ್ಲಿ ಚೆಂಡು ಹಿಡಿದು ಮೊಣಕಾಲಿನ ಮಟ್ಟದಿಂದ ಮೇಲಕ್ಕೆ ತೂರಿ. ಆ ವರ್ಷ ಅವನ ಫ್ರೀ ಥ್ರೋ ಶೇ 61 ಮುಟ್ಟಿತ್ತು, ಅವನ ಮಟ್ಟಿಗೆ ಅದೇ ಶಿಖರ. ಹಾಗೆ ಎಸೆಯುವುದು ಹೆಣ್ಣಿಗನಂತೆ ಕಾಣುತ್ತದೆಂಬ ನಾಚಿಕೆಗೆ ಆ ಶೈಲಿಯನ್ನೇ ಬಿಟ್ಟುಬಿಟ್ಟ. ತಾನು ಮಾಡಿದ್ದು ತಪ್ಪೆಂದು ಮುಂದೆ ತಾನೇ ಒಪ್ಪಿಕೊಂಡ. 1969ರ ಫೈನಲ್‌ನ ಏಳನೇ ಪಂದ್ಯದಲ್ಲಿ ಲೇಕರ್ಸ್ ತಂಡ ರಸೆಲ್‌ನ ಬಾಸ್ಟನ್‌ಗೆ ಸೋತದ್ದು 108-106ರಿಂದ. ಅಂದು ಚೇಂಬರ್ಲೇನ್‌ಗೆ ಸಿಕ್ಕಿದ್ದು 13 ಫ್ರೀ ಥ್ರೋ, ಒಳಗೆ ಬಿದ್ದದ್ದು 4.