ಕಪ್ಪು ಬರೆಯುವ ಪ್ರಿಂಟರು, ಬಿಳಿ ಬರೆಯುವ ಪ್ರಿಂಟರು

ನನ್ನ ಹಳೆಯ ಕಾಗದಗಳ ಕಟ್ಟಿನಲ್ಲಿ ಒಂದೇ ಪುಟದ ಎರಡು ಪ್ರತಿಗಳಿವೆ. ಎರಡೂ ಟೆಕ್ ತಂತ್ರಾಂಶದಲ್ಲಿ ಜೋಡಿಸಿದವು, ಎರಡೂ ಇಂಚಿಗೆ 300 ಚುಕ್ಕಿಯ ಲೇಸರ್ ಪ್ರಿಂಟರಿನಲ್ಲಿ ಇಳಿದವು. ಆದರೂ ಒಂದರ ಅಕ್ಷರಗಳು ಮೈಕೈ ತುಂಬಿಕೊಂಡಿವೆ, ಇನ್ನೊಂದರವು ಆಗಷ್ಟೇ ಜ್ವರದಿಂದ ಎದ್ದವರ ಹಾಗೆ ಸೊರಗಿವೆ. ಟೋನರ್ ಮುಗಿಯುತ್ತಿರಬೇಕೆಂದು ಕಾರ್ಟ್ರಿಜ್ ತೆಗೆದು ಅಲ್ಲಾಡಿಸಿ ಮತ್ತೆ ಹಾಕಿದ್ದು ನೆನಪಿದೆ. ಏನೂ ಪ್ರಯೋಜನವಾಗಲಿಲ್ಲ.

ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕ್ನೂತ್ ತಮ್ಮದೇ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ನೋಡಿ ಬೇಸತ್ತು, 1977ರಲ್ಲಿ ಟೆಕ್ ಕಟ್ಟಲು ಕೂತರು. ಈ ಟೆಕ್‌ಗೆ ಪ್ರಿಂಟರ್ ಎಂದರೇನೆಂದೇ ಗೊತ್ತಿಲ್ಲ. ಯಾವ ಅಕ್ಷರ ಎಲ್ಲಿ ಕೂರಬೇಕು ಎಂದು ಡಿವಿಐ ಎಂಬ ಕಡತದಲ್ಲಿ ಬರೆದಿಟ್ಟು ಕೈ ತೊಳೆದುಕೊಳ್ಳುತ್ತದೆ. ಅದರ ಲೆಕ್ಕವೋ ಜಿಪುಣ ಶೆಟ್ಟರ ಲೆಕ್ಕ: ಒಂದು ಪಾಯಿಂಟನ್ನು 65,536 ಪಾಲು ಮಾಡಿ ಅಳೆಯುತ್ತದೆ. ಅಂಥ ಒಂದು ಪಾಲು ಬೆಳಕಿನ ತರಂಗದ ಉದ್ದಕ್ಕಿಂತಲೂ ಚಿಕ್ಕದು. ಪ್ರಿಂಟರಿನ ಚುಕ್ಕಿಯಾದರೆ ಮಿಲಿಮೀಟರಿನ ಹನ್ನೆರಡನೇ ಒಂದು ಪಾಲಿನಷ್ಟು ದಪ್ಪ. ಇವೆರಡರ ನಡುವಿನ ದಲ್ಲಾಳಿಯೇ ಡ್ರೈವರ್. ಟೊಮಾಸ್ ರೊಕಿಕಿ ಬರೆದ ಡಿವಿಪಿಎಸ್ ಅಂಥದ್ದು. ಪ್ರಿಂಟರಿಗೆ ತಂತ್ರಾಂಶ ಹೊಂದಿಸುವುದೆಂದರೆ ಈ ದಲ್ಲಾಳಿಗೆ ಎದುರಿನ ಯಂತ್ರದ ಸ್ವಭಾವ ಹೇಳಿಕೊಡುವುದು.

ಸ್ವಭಾವದಲ್ಲಿ ಎರಡು ಬಗೆ. ಲೇಸರ್ ಪ್ರಿಂಟರಿನ ಹೊಟ್ಟೆಯಲ್ಲಿ ವಿದ್ಯುದಾವೇಶ ಹೊತ್ತ ಉರುಳೆಯೊಂದಿದೆ. ಬೆಳಕು ಬಿದ್ದಲ್ಲಿ ಆ ಆವೇಶ ಇಳಿಯುತ್ತದೆ. 1984ರ ಲೇಸರ್‌ಜೆಟ್‌ನೊಳಗಿದ್ದ ಕ್ಯಾನನ್ ಸಿಎಕ್ಸ್ ಯಂತ್ರದಲ್ಲಿ ಬೆಳಕು ಬಿದ್ದ ಜಾಗಕ್ಕೇ ಟೋನರ್ ಅಂಟುತ್ತಿತ್ತು. ಅಂದರೆ ಲೇಸರ್ ಅಕ್ಷರವನ್ನೇ ಬರೆಯುತ್ತಿತ್ತು. ಬೇರೆ ಕೆಲವು ಯಂತ್ರಗಳದ್ದು ತದ್ವಿರುದ್ಧ: ಲೇಸರ್ ಬಿಳಿಯ ಜಾಗವನ್ನೆಲ್ಲ ಬಳಿಯುತ್ತದೆ, ಬಿಟ್ಟುಹೋದದ್ದು ಅಕ್ಷರ. ಬೆಳಕಿನ ಬೊಟ್ಟು ದುಂಡಗಿರುವುದರಿಂದ ತನ್ನ ಚೌಕ ಮೀರಿ ಆಚೀಚೆ ಚೆಲ್ಲುತ್ತದೆ. ಕಪ್ಪು ಬರೆಯುವಲ್ಲಿ ಚೆಲ್ಲಿದರೆ ಅಕ್ಷರ ಉಬ್ಬುತ್ತದೆ, ಬಿಳಿ ಬರೆಯುವಲ್ಲಿ ಚೆಲ್ಲಿದರೆ ಅಂಚು ಕೊರೆದುಹೋಗುತ್ತದೆ.

ಕ್ನೂತ್ ಇದಕ್ಕೂ ದಾರಿ ಇಟ್ಟಿದ್ದರು. ಅಕ್ಷರ ರೂಪಿಸುವ ಅವರ ಮೆಟಾಫಾಂಟಿನಲ್ಲಿ ಯಂತ್ರಕ್ಕೊಂದು 'ಮೋಡ್', ಅದರೊಳಗೆ 'ಬ್ಲ್ಯಾಕರ್' ಎಂಬ ಪುಟ್ಟ ಸಂಖ್ಯೆ: ಲೇಖನಿಯ ದಪ್ಪಕ್ಕೆ ಎಷ್ಟು ಚುಕ್ಕಿ ಸೇರಿಸಬೇಕು ಎಂಬುದು. ಟೆಕ್‌ನ ಸ್ವಂತ ಅಕ್ಷರಶೈಲಿಯಾದ ಕಂಪ್ಯೂಟರ್ ಮಾಡರ್ನ್‌ನ ಹತ್ತು ಪಾಯಿಂಟಿನ ಅಕ್ಷರದ ತೆಳುಗೆರೆ 300 ಚುಕ್ಕಿಯ ಯಂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಚುಕ್ಕಿಯ ಅಗಲ. ಅದರಲ್ಲಿ ಅರ್ಧ ಕೊರೆದರೆ ಇನ್ನೇನು ಉಳಿದೀತು? ಕಪ್ಪು ಬರೆಯುವ ಯಂತ್ರಕ್ಕೆಂದು ತಯಾರಾದ ಅಕ್ಷರಗಳನ್ನು ನಾನು ಬಿಳಿ ಬರೆಯುವ ಯಂತ್ರಕ್ಕೆ ಕಳಿಸಿದ್ದೆ, ಅಷ್ಟೆ.

ಕನ್ನಡದಲ್ಲಿ ಉಬ್ಬುವುದೂ ಅಪಾಯವೇ. ಮಹಾಪ್ರಾಣದ ಹೊಟ್ಟೆಸೀಳು ಸಣ್ಣ ಅಕ್ಷರದಲ್ಲಿ ಒಂದೆರಡು ಚುಕ್ಕಿಯ ಬಾಬತ್ತು. ಅದು ಟೋನರಿನಲ್ಲಿ ಮುಚ್ಚಿಹೋದರೆ ಅಡಿಟಿಪ್ಪಣಿಯ ಧನವೆಲ್ಲ ದನ.

ಚುಕ್ಕಿ ಇಡುವವರು ಯಾರು, ಕಂಪ್ಯೂಟರೋ ಪ್ರಿಂಟರೋ, ಎಂಬ ತಕರಾರೂ ಇತ್ತು. 300 ಚುಕ್ಕಿಯ ಲೆಕ್ಕದಲ್ಲಿ ಎ4 ಹಾಳೆಗೆ ಸುಮಾರು 87 ಲಕ್ಷ ಚುಕ್ಕಿ, ಹತ್ತು ಲಕ್ಷ ಬೈಟಿಗೂ ಮಿಕ್ಕಿ ನೆನಪು ಬೇಕು. ಮೊದಲ ಲೇಸರ್‌ಜೆಟ್‌ಗೆ ಇದ್ದದ್ದು 128 ಕಿಲೋಬೈಟ್. 1985ರ ಆಪಲ್ ಲೇಸರ್‌ರೈಟರ್ ಒಂದೂವರೆ ಮೆಗಾಬೈಟ್ ಇಟ್ಟುಕೊಂಡು, ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನು ತಾನೇ ಓದಿ ತಾನೇ ಚುಕ್ಕಿ ಇಡುವಷ್ಟು ಜಾಣವಾಯಿತು.

ಇನ್ನು ಕಾಗದ. ಅಮೆರಿಕದ 'ಲೆಟರ್' ಹಾಳೆ ನಮ್ಮ ಎ4ಗಿಂತ 17.6 ಮಿಲಿಮೀಟರ್ ಗಿಡ್ಡ. ಪೋಸ್ಟ್‌ಸ್ಕ್ರಿಪ್ಟ್ ಹಾಳೆಯ ಕೆಳಮೂಲೆಯಿಂದ ಅಳೆಯುತ್ತದೆ. ಆ ಭಾಷೆಯಲ್ಲೇ ಮಾತಾಡುವ, ಲೆಟರ್ ಎಂದು ಹೊಂದಿಸಿಟ್ಟ ಡಿವಿಪಿಎಸ್‌ಗೆ ಎ4 ಎಂದು ಹೇಳಲು ಮರೆತರೆ ಇಡೀ ಪುಟ ಅಷ್ಟು ಕೆಳಕ್ಕೆ ಜಗ್ಗುತ್ತದೆ. ಮೇಲೆ ಅಂಗಳದಷ್ಟು ಖಾಲಿ, ಕೆಳಗೆ ಪುಟಸಂಖ್ಯೆಗೆ ಉಸಿರಾಡಲೂ ಜಾಗವಿಲ್ಲ.

ಈಗ ಹೊರಗೆರೆಯ ಫಾಂಟು, ಪಿಡಿಎಫ್ ಕಾಲ. ಎಲ್ಲ ಯಂತ್ರಕ್ಕೂ ಒಂದೇ ಅಕ್ಷರ, ಮೋಡು ಕೇಳುವವರಿಲ್ಲ. ಅದಕ್ಕೇ ಕಂಪ್ಯೂಟರ್ ಮಾಡರ್ನ್ ಇಂದು ತೀರಾ ಬಡಕಲಾಗಿ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಹೊಸ ಪ್ರಿಂಟರ್ ಸಿಕ್ಕಾಗ ನಾನು ಮೊದಲು ಇಳಿಸುವುದು ಹತ್ತು ಸೆಂಟಿಮೀಟರಿನ ಒಂದು ಗೆರೆ. ಮಗಳ ಕಂಪಾಸ್ ಡಬ್ಬಿಯ ಸ್ಕೇಲಿಟ್ಟು ಅಳೆಯುತ್ತೇನೆ. ಹೋದ ವಾರ 9.7 ಬಂತು. 'ಪುಟಕ್ಕೆ ಹೊಂದಿಸು' ಎಂಬ ಗುರುತು ತೆಗೆದು ಮತ್ತೆ ಇಳಿಸಿದೆ.